ಕಟುಲ್ಲಸ್‌ನ ಬೈಗುಳಕ್ಕೆ ಯಾವ ಲ್ಯಾಟಿನ್ ಪದ ಕಲಿಯಬೇಕು?

ಸೀಸರ್‌ನ ಯುದ್ಧದ ವರದಿ ಓದಿ ಮುಗಿಸಿದ್ದೀರಿ, ಆದರೆ ರೋಮನ್ ಕವಿಗಳಾದ ಕಟುಲ್ಲಸ್, ಮಾರ್ಷಿಯಲ್ ಬೈಯುವ ಪದ್ಯಗಳಲ್ಲಿ ಪ್ರತಿ ಸಾಲಿಗೂ ಎಡವುತ್ತಿದ್ದೀರಿ, ಯಾವ ಪದ ಮೊದಲು ಕಲಿಯಲಿ ಅಂತ ಕೇಳಿದ್ದೀರಿ. ಎಡವೋದು ಸಹಜ. ಯುದ್ಧದ ವರದಿಯಲ್ಲಿ ಈ ಪದಗಳು ಎಲ್ಲಿ ಸಿಗಬೇಕು ಹೇಳಿ!

ಅಶ್ಲೀಲ ಪದಗಳಿಂದ ಶುರು ಮಾಡಬೇಡಿ. ಅವು ಕಡಿಮೆ, ಬೇಗ ಬರುತ್ತವೆ. ಕಟುಲ್ಲಸ್ ಜಾಸ್ತಿ ಚುಚ್ಚೋದು 'ಇನ್‌ಫಕೇಟುಸ್', 'ಇನ್‌ವೆನುಸ್ತುಸ್' ಅನ್ನೋ ಪದಗಳಿಂದ. ರಸಿಕತೆ ಇಲ್ಲದವನು, ನಯ ಗೊತ್ತಿಲ್ಲದವನು ಅಂತ. ಅವನ 12ನೇ ಪದ್ಯದಲ್ಲಿ ಔತಣದಲ್ಲಿ ಕರವಸ್ತ್ರ ಕದ್ದವನಿಗೆ ಬೀಳುವ ಏಟು ಇದೇ: ಕಳ್ಳತನಕ್ಕಿಂತ ಒರಟುತನ ದೊಡ್ಡ ತಪ್ಪು!

ಆಮೇಲೆ ವಾಸನೆಯ ಪದಗಳು. 'ಪೂತಿದುಸ್' ಅಂದರೆ ಕೊಳೆತು ನಾರುವುದು. 'ಹಿರ್ಕುಸ್' ಅಂದರೆ ಹೋತ. ಕಟುಲ್ಲಸ್‌ನ 71ನೇ ಪದ್ಯದಲ್ಲಿ ಅದು ಕಂಕುಳಿನ ನಾತ. 'ವಪ್ಪಾ' ಕೆಟ್ಟುಹೋದ ವೈನ್, ಜೊತೆಗೆ ಕೈಲಾಗದ ಮನುಷ್ಯ.

ಓದಲು 42ನೇ ಪದ್ಯ ಹಿಡಿಯಿರಿ. ಬರೆಯುವ ಹಲಗೆ ವಾಪಸ್ ಕೊಡು ಅಂತ ಒಬ್ಬಳಿಗೆ ಒಂದೇ ಬೈಗುಳವನ್ನು ತಿರುಗಿಸಿ ಮುರುಗಿಸಿ ಹೇಳುತ್ತಾನೆ. ಬಾಯಿಪಾಠ ತಾನಾಗಿಯೇ ಆಗುತ್ತದೆ. ನಂತರ 39: ಸದಾ ಹಲ್ಲು ಕಿಸಿಯುವ ಎಗ್ನಾಟಿಯುಸ್, ಸಾವಿನ ಮನೆಯಲ್ಲೂ.

ನಿಘಂಟಿನ ವಿಷಯ. 1879ರ ಲೂಯಿಸ್–ಶಾರ್ಟ್ ಲ್ಯಾಟಿನ್-ಇಂಗ್ಲಿಷ್ ನಿಘಂಟು ಇಂಥ ಕಡೆ ನಾಚಿಕೊಳ್ಳುತ್ತದೆ. 1919ರ ಲೋಬ್ ಮಾರ್ಷಿಯಲ್‌ನಲ್ಲಂತೂ (ಲ್ಯಾಟಿನ್ ಜೊತೆ ಇಂಗ್ಲಿಷ್ ಅನುವಾದ ಇರುವ ಆವೃತ್ತಿ) ಕೊಳಕು ಪದ್ಯಗಳಿಗೆ ಇಂಗ್ಲಿಷ್ ಬದಲು ಇಟಾಲಿಯನ್ ಅನುವಾದ ಹಾಕಿದ್ದಾರೆ, ಸುಮ್ನೆ ನಗು ಬರುತ್ತದೆ. ಆಕ್ಸ್‌ಫರ್ಡ್ ಲ್ಯಾಟಿನ್ ನಿಘಂಟು ಬಳಸಿ. ಅಲ್ಲೂ ಸಾಲದಿದ್ದರೆ ಜೆ. ಎನ್. ಆ್ಯಡಮ್ಸ್ 1982ರಲ್ಲಿ ಲ್ಯಾಟಿನ್ ಲೈಂಗಿಕ ಪದಗಳ ಬಗ್ಗೆಯೇ ಬರೆದ ಪುಸ್ತಕ ನೋಡಿ. ಅದರಲ್ಲಿ ಮುಚ್ಚುಮರೆ ಇಲ್ಲ.