ಬಡ್ತಿ ಎಲ್ಲಿ ನಿಂತಿದೆ?

ಪ್ರಶ್ನೆ: ರಾಜ್ಯ ಸರ್ಕಾರದ ಇಲಾಖೆಯೊಂದರಲ್ಲಿ 13 ವರ್ಷಗಳಿಂದ ಪ್ರಥಮ ದರ್ಜೆ ಸಹಾಯಕಿಯಾಗಿದ್ದೇನೆ. 10 ವರ್ಷ ತುಂಬಿದಾಗ ಕಾಲಮಿತಿ ವೇತನ ಬಡ್ತಿ ದೊರೆಯಿತು. ಅಧೀಕ್ಷಕರ ಹುದ್ದೆ ಮಾತ್ರ ದೊರೆತಿಲ್ಲ. ನನಗಿಂತ ಕಿರಿಯರೊಬ್ಬರು ಕಳೆದ ವರ್ಷ ಅಧೀಕ್ಷಕರಾದರು. ಸಾಹೇಬರಿಗೆ ನನ್ನ ಮೇಲೆ ಅಸಮಾಧಾನವಿದೆಯೇನೋ ಎಂಬ ಸಂಶಯದಲ್ಲಿ ಕೆಲಸದ ಉತ್ಸಾಹವೇ ಕುಂದಿದೆ. ಏನು ಮಾಡಲಿ?
— ಓದುಗರೊಬ್ಬರು, ಹಾವೇರಿ

ಉತ್ತರ: ನಿಮ್ಮ ಪತ್ರದಲ್ಲಿ ಸಾಹೇಬರ ಅಸಮಾಧಾನದ ಪ್ರಸ್ತಾಪವಿದೆ, ಇಲಾಖಾ ಪರೀಕ್ಷೆಗಳ ಪ್ರಸ್ತಾಪವಿಲ್ಲ. ಅಕೌಂಟ್ಸ್ ಹೈಯರ್, ಜನರಲ್ ಲಾ ಮುಂತಾದ ಪರೀಕ್ಷೆಗಳಲ್ಲಿ ನಿಮ್ಮ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳು ಕಡ್ಡಾಯ ಮಾಡಿರುವುದು ಒಂದೇ ಬಾಕಿಯಿದ್ದರೂ, ಸೇವಾ ಹಿರಿತನ ಎಷ್ಟಿದ್ದರೂ ಕಡತ ಮುಂದೆ ಹೋಗದು. ಮೊದಲು ಸೇವಾ ಪುಸ್ತಕ ತೆಗೆಸಿ, ಉತ್ತೀರ್ಣರಾದ ಪ್ರತಿ ಪರೀಕ್ಷೆಯೂ ಅದರಲ್ಲಿ ನಮೂದಾಗಿದೆಯೇ ಎಂದು ನೋಡಿ. ಪಾಸಾಗಿಯೂ ನಮೂದಾಗದೆ ಉಳಿಯುವುದು ನಮ್ಮ ಕಚೇರಿಗಳಲ್ಲಿ ಅಪರೂಪವೇನಲ್ಲ.

ಅದು ಸರಿಯಿದ್ದರೆ ಜ್ಯೇಷ್ಠತಾ ಪಟ್ಟಿಯನ್ನು ಪರಿಶೀಲಿಸಿ. ತಾತ್ಕಾಲಿಕ ಪಟ್ಟಿ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಕೊಡುವ ಅವಧಿಯನ್ನು ಬಹುಮಂದಿ ಸುತ್ತೋಲೆ ಓದದೆಯೇ ಕಳೆದುಕೊಳ್ಳುತ್ತಾರೆ. ಕಿರಿಯರು ಮುಂದೆ ಹೋಗುವುದೆಲ್ಲ ಅನ್ಯಾಯವೂ ಅಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ನೌಕರರಿಗೆ ರೋಸ್ಟರ್ ಬಿಂದುವಿನಂತೆ, ಅಂದರೆ ಮೀಸಲಾತಿಯ ಸರದಿ ಪಟ್ಟಿಯಲ್ಲಿನ ಸ್ಥಾನದಂತೆ, ಬಡ್ತಿ ದೊರೆಯುವುದು ಕಾನೂನುಬದ್ಧ ಕ್ರಮ. ಮಾಹಿತಿ ಹಕ್ಕಿನಡಿ ಇಲಾಖಾ ಮುಂಬಡ್ತಿ ಸಮಿತಿಯ ನಡವಳಿಯ ಪ್ರತಿ ಕೇಳಿದರೆ, ನಿಮ್ಮ ಹೆಸರು ಪರಿಗಣನೆಗೆ ಬಂದಿತ್ತೇ, ಬಂದಿದ್ದರೆ ಯಾವ ಕಾರಣಕ್ಕೆ ಬಿಟ್ಟುಹೋಯಿತು ಎಂಬುದು ಸಾಮಾನ್ಯವಾಗಿ ತಿಳಿಯುತ್ತದೆ. ಮೇಲಧಿಕಾರಿ ಪ್ರತಿ ವರ್ಷ ಬರೆಯುವ ಕಾರ್ಯನಿರ್ವಹಣಾ ವರದಿಯಲ್ಲಿನ ಪ್ರತಿ ನಮೂದನ್ನೂ ನೌಕರರಿಗೆ ತಿಳಿಸಬೇಕೆಂದು 2008ರಲ್ಲಿ ಸುಪ್ರೀಂ ಕೋರ್ಟ್ ದೇವ್ ದತ್ ಪ್ರಕರಣದಲ್ಲಿ ಹೇಳಿರುವುದರಿಂದ, ಸಾಹೇಬರ ಕುರಿತ ಸಂಶಯವನ್ನೂ ವರದಿಯನ್ನೇ ಕೇಳಿ ಪರಿಹರಿಸಿಕೊಳ್ಳಬಹುದು.

15 ವರ್ಷ ತುಂಬಿದಾಗ ದೊರೆಯುವ ಸ್ವಯಂಚಾಲಿತ ವಿಶೇಷ ಬಡ್ತಿಯೂ ವೇತನ ಶ್ರೇಣಿಗೆ ಸಂಬಂಧಿಸಿದ್ದೇ ಹೊರತು ಹುದ್ದೆಗಲ್ಲ. ಅದಕ್ಕಾಗಿ ಕಾದು ಕೂರಬೇಡಿ. ಖಾಲಿ ಹುದ್ದೆಯೇ ಇಲ್ಲದಿದ್ದರೆ ಮನವಿಯಿಂದ ಪ್ರಯೋಜನವಿಲ್ಲ, ಲೋಕಸೇವಾ ಆಯೋಗದ ಬೇರೆ ನೇಮಕಾತಿಗೆ ಸಿದ್ಧರಾಗುವುದೇ ಮೇಲು. ಹುದ್ದೆಯೂ ಅರ್ಹತೆಯೂ ಇದ್ದು ನಿಮ್ಮನ್ನು ಪರಿಗಣಿಸಿಯೇ ಇಲ್ಲವಾದರೆ ವಿಷಯ ಬೇರೆ: ಬಡ್ತಿ ಹಕ್ಕಲ್ಲವಾದರೂ ಪರಿಗಣನೆ ಹಕ್ಕು. ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಆರು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು.