ತಾತನ ಕಾಲದ ಕ್ಷೌರದ ಕತ್ತಿ: ಮಸೆಯೋಕೆ ಮುಂಚೆ ಇಷ್ಟು ನೋಡಿ

ಸರ್, ತಾತನ ಪೆಟ್ಟಿಗೆಯಲ್ಲಿ ಸಿಕ್ಕ ಕ್ಷೌರದ ಕತ್ತಿಯ ಫೋಟೋ ಹಾಕಿ, ಸಾಣೆಗೆ ಕೊಡಲಾ ಅಂತ ಕೇಳಿದ್ದೀರಿ. ಬುಡದಲ್ಲಿ ಸೋಲಿಂಗನ್ ಅಂತ ಅಚ್ಚು ಕಾಣುತ್ತೆ. ಜರ್ಮನಿಯ ಆ ಊರು ಕತ್ತಿ-ಕತ್ತರಿಗೇ ಹೆಸರುವಾಸಿ. ಬಸ್‌ಸ್ಟ್ಯಾಂಡ್ ಹತ್ತಿರ ಚಕ್ರ ತಿರುಗಿಸಿ ಸಾಣೆ ಹಿಡಿಯೋರಿಗೆ ಮಾತ್ರ ದಯವಿಟ್ಟು ಕೊಡಬೇಡಿ. ಮಚ್ಚು, ಕುಡುಗೋಲಿಗೆ ಅವರ ಕೈ ಚೆನ್ನ. ಇದರ ಅಲಗು ಎರಡೂ ಕಡೆ ಒಳಕ್ಕೆ ಹಳ್ಳ ತೆಗೆದು ತೆಳು ಮಾಡಿದ್ದು. ಚಕ್ರದ ಬಿಸಿಗೆ ಬಾಯಿ, ಅಂದರೆ ಕೊಯ್ಯೋ ಅಂಚು, ನೀಲಿಗೆ ತಿರುಗಿತೋ, ಉಕ್ಕಿನ ಹದ ಹೋಯ್ತು. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲಲ್ಲ.

ತುಕ್ಕು ಬೆನ್ನಿನ ಕಡೆ, ಅಂದರೆ ಬಾಯಿಗೆ ಎದುರಿನ ದಪ್ಪ ಅಂಚಿನ ಕಡೆ, ಇದ್ದರೆ ಚಿಂತೆಯಿಲ್ಲ. 2000 ನಂಬರಿನ ವಾಟರ್ ಪೇಪರಿಗೆ ಎಣ್ಣೆ ಹಚ್ಚಿ ಉಜ್ಜಿ. ಬಾಯಿಗೆ ಎದುರಾಗಿ ಬೆರಳು ಒಯ್ಯಬೇಡಿ. ಬಾಯಲ್ಲೇ ಗುಂಡಿ ಬಿದ್ದಿದ್ದರೆ, ಸೀಳು ಬಿಟ್ಟಿದ್ದರೆ ಶೋಕೇಸಿಗೆ ಇಡಿ.

ಮಸೆಯೋ ಗುಟ್ಟೆಲ್ಲ ಬೆನ್ನಿನಲ್ಲಿದೆ. ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗಿರಬೇಕು. ಕೋನ ಎಷ್ಟು ಅಂತ ನೀವು ಲೆಕ್ಕ ಹಾಕಬೇಕಿಲ್ಲ, ಬೆನ್ನಿನ ದಪ್ಪ ನೋಡಿಕೊಳ್ಳುತ್ತೆ. ಬಾಯಿ ಮುಂದಾಗಿ ತಳ್ಳಿ, ಹೊರಳಿಸುವಾಗ ಬೆನ್ನಿನ ಮೇಲೆ ಹೊರಳಿಸಿ. ಕೈಯ ಭಾರ ಹಾಕಿ ಒತ್ತಬೇಡಿ. ಗ್ರಿಟ್ ನಂಬರ್ ಹೆಚ್ಚಿದಷ್ಟೂ ಕಲ್ಲು ನುಣುಪು. 1000 ಗ್ರಿಟ್ ಕಲ್ಲಿನಲ್ಲಿ ಎರಡೂ ಮೈ ಒಂದೇ ಗೆರೆಗೆ ಬಂದು ಸೇರೋ ಹಾಗೆ ಬಾಯಿ ಕೂಡಿಸಿಕೊಂಡು 4000, 8000 ದಾಟಿ, ಸಿಕ್ಕಿದರೆ 12000ದಲ್ಲಿ ಮುಗಿಸಿ. ಶುರುವಿನಲ್ಲೇ ಮಾರ್ಕರ್ ಪೆನ್ನಿನಿಂದ ಬಾಯಿಯುದ್ದಕ್ಕೂ ಬಳಿದು ಎರಡು ಸಲ ಉಜ್ಜಿ ನೋಡಿ: ಶಾಯಿ ಉಳಿದ ಜಾಗಕ್ಕೆ ಕಲ್ಲು ತಾಗಿಲ್ಲ ಅಂತ ಅರ್ಥ. 1000ದಲ್ಲಿ ಅವಸರ ಮಾಡಿದರೆ ಮುಂದಿನ ಕಲ್ಲು ಎಷ್ಟು ದುಬಾರಿಯದ್ದಾದರೂ ದಂಡ.

ಕಲ್ಲಾದ ಮೇಲೆ ಚರ್ಮದ ಪಟ್ಟಿಗೆ ತೀಡಬೇಕು. ಅಲ್ಲಿ ಎಲ್ಲಾ ಉಲ್ಟಾ, ಬೆನ್ನು ಮುಂದೆ, ಬಾಯಿ ಹಿಂದೆ. ಪಟ್ಟಿ ಬಿಗಿಯಾಗಿ ಎಳೆದಿರಬೇಕು, ಜೋಲು ಬಿದ್ದರೆ ಬಾಯಿ ಮೊಂಡಾಗುತ್ತೆ. ಪ್ರತಿ ಸಲ ಬಳಸೋ ಮುಂಚೆ ಪಟ್ಟಿ, ಯಾವಾಗಲೋ ಒಮ್ಮೆ ಕಲ್ಲು. ಹರಿತ ನೋಡೋಕೆ ಹೆಬ್ಬೆರಳು ಸವರಬೇಡಿ, ಮುಂಗೈ ಕೂದಲು ಸಾಕು.

ಕೆಳಗೆ ಒಬ್ಬರು "ಎರಡು ವಿಡಿಯೋ ನೋಡಿದರೆ ಮುಗೀತು, ಇದೇನು ಮಹಾ ವಿದ್ಯೆ" ಅಂತ ಹಾಕಿದ್ದಾರೆ. ಮಸೆಯೋದು ವಿಡಿಯೋ ನೋಡಿ ಬರಬಹುದು, ಒಪ್ಪಿದೆ. ಮುಖ ಹಾಗಲ್ಲ ಸ್ವಾಮಿ. ಗಂಟಲ ಕೆಳಗೆ ಕೆಲವರ ಕೂದಲು ಮೇಲ್ಮುಖ, ಕೆಲವರದು ಅಡ್ಡ, ಇನ್ನು ಕೆಲವರಿಗೆ ಸುಳಿಯೇ ಇರುತ್ತೆ. ಕ್ಷೌರದ ಕಸುಬಿನ ನಾವು ನೊರೆ ಹಚ್ಚುವಾಗಲೇ ಬೆರಳಲ್ಲಿ ಅದನ್ನು ತಿಳ್ಕೊಂಡಿರ್ತೀವಿ. ನಮ್ಮ ತಾತನಿಗೆ ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಆಯದ ಕಾಳು, ಅಂದರೆ ಕೂಲಿಯ ಬದಲು ರೈತರು ಕೊಡೋ ಧಾನ್ಯ, ಸಿಗೋದು, ವರ್ಷವಿಡೀ ಮಾಡಿದ ಕೆಲಸಕ್ಕೆ ಕೊಟ್ಟವರು ಕೊಟ್ಟಷ್ಟು. ನಾನು ರೇಟು ಬರೆದು ಬೋರ್ಡು ಹಾಕಿದ್ದೀನಿ, ಚೌಕಾಸಿ ಇಲ್ಲ. ನನ್ನ ಹತ್ತಿರ ಕಲಿಯೋಕೆ ಬಂದ ಹುಡುಗರು ಬಲೂನಿಗೆ ನೊರೆ ಹಚ್ಚಿ, ಒಡೆಯದ ಹಾಗೆ ಕೆರೆದು ತೋರಿಸೋವರೆಗೂ ಗಿರಾಕಿ ಗಲ್ಲ ಮುಟ್ಟೋ ಹಾಗಿಲ್ಲ. ಬೇಜಾರಾಗಿ ಬಿಟ್ಟು ಹೋದವರೂ ಇದ್ದಾರೆ, ಹೋಗಲಿ.

ಅಂಗಡಿಯಲ್ಲಿ ನಾವು ಇಂಥ ಕತ್ತಿ ಬಳಸಲ್ಲ. ಒಬ್ಬರ ರಕ್ತ ತಾಗಿದ ಬಾಯಿ ಇನ್ನೊಬ್ಬರಿಗೆ ತಾಗಿದರೆ ಹೆಪಟೈಟಿಸ್ ಬಿ, ಎಚ್‌ಐವಿ ಅಂಟೋ ಅಪಾಯವಿದೆ. ಅದಕ್ಕೇ ಗಿರಾಕಿ ಎದುರಿಗೇ ಹೊಸ ಬ್ಲೇಡು ಬಿಚ್ಚಿ, ಅರ್ಧ ಮುರಿದು ಉಸ್ತ್ರಾಗೆ, ಅಂದರೆ ಬ್ಲೇಡು ಬದಲಿಸೋ ಕತ್ತಿಗೆ, ಹಾಕ್ತೀನಿ. ಕಾಣದ ಹಾಗೆ ಹಾಕುವ ಅಂಗಡಿಯಲ್ಲಿ ನೀವೇ ಕೇಳಿ, ನಾಚಿಕೆ ಬೇಡ. ನಿಮ್ಮ ಕತ್ತಿಯೂ ನಿಮ್ಮೊಬ್ಬರಿಗೇ ಇರಲಿ, ಅಣ್ತಮ್ಮಂದಿರಿಗೂ ಕೊಡಬೇಡಿ.

ಬಳಸೋಕೆ ಮುಂಚೆ ಗಡ್ಡ ಬಿಸಿನೀರಲ್ಲಿ ಚೆನ್ನಾಗಿ ನೆನೆಯಲಿ. ಚರ್ಮ ಎಳೆದು ಹಿಡಿದು, ಕತ್ತಿಯನ್ನು ಸುಮಾರು 30 ಡಿಗ್ರಿ ವಾರೆ ಮಾಡಿ, ಕೂದಲು ಮಲಗಿರೋ ದಿಕ್ಕಿಗೇ ಎಳೆಯಿರಿ. ಮೊದಮೊದಲು ಬರೀ ಕೆನ್ನೆ ಮಾಡಿ. ಗದ್ದ, ಮೇಲ್ತುಟಿ ಕೈ ಕುದುರಿದ ಮೇಲೆ. ಮುಗಿದ ಮೇಲೆ ಕತ್ತಿ ಒರೆಸಿ, ಒಣಗಿಸಿ, ಒಂದು ತೊಟ್ಟು ಎಣ್ಣೆ ಸವರಿಡಿ. ಮುಖಕ್ಕೆ ಪಟಿಕ ಸಾಕು.

ಬಾಯಿಯ ಹತ್ತಿರದ ಫೋಟೋ ಒಂದು ಬಿಸಿಲಲ್ಲಿ ತೆಗೆದು ಹಾಕಿ. ಮಂಗಳವಾರ ಅಂಗಡಿ ರಜೆ, ಅವತ್ತು ಕೂತು ನೋಡಿ ಹೇಳ್ತೀನಿ.