ಗಾರ್ಡನ್ ಸ್ಮಿತ್ ಲೇಖನ: 1959ರಿಂದ ಶುರು ಮಾಡಿ

ನಮಸ್ಕಾರ. ಸ್ಕಾಟ್ಲೆಂಡ್‌ನ ಫುಟ್‌ಬಾಲ್ ಆಟಗಾರ ಗಾರ್ಡನ್ ಸ್ಮಿತ್ ಬಗ್ಗೆ ನೀವು ಕಳ್ಸಿದ ಲೇಖನ ಓದ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಆದ್ರೆ ಆಗಲ್ಲ ಅಂತ ಒಂದೇ ಸಾಲು ಬರೆದು ಸುಮ್ನಿರೋಕೂ ಮನಸ್ಸು ಬರ್ಲಿಲ್ಲ, ಯಾಕಂದ್ರೆ ಐವತ್ತರ ದಶಕದ ಸ್ಕಾಟ್ಲೆಂಡ್ ಫುಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಬರೆಯೋರು ಎಲ್ಲಿ ಸಿಗ್ತಾರೆ ಹೇಳಿ.

ಮೊದಲ ಎರಡು ಪುಟ ಪೂರ್ತಿ ತೆಗೀರಿ. 1924ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ್ರು, ಮಾಂಟ್ರೋಸ್‌ನಲ್ಲಿ ಬೆಳೆದ್ರು, ಆ ಸೀಸನ್ ಹಿಂಗಾಯ್ತು, ಈ ಸೀಸನ್ ಹಂಗಾಯ್ತು, ಪಂಚಾಂಗ ಓದಿಸ್ಕೊಂಡ ಹಾಗಿದೆ. ‘ದಂತಕಥೆ’, ‘ಮಾಂತ್ರಿಕ’ ಇವೆಲ್ಲಾ ಹೋಗ್ಲಿ, ಆ ಮನುಷ್ಯ ಏನ್ ಮಾಡಿದ್ರು ಅಂತ ಹೇಳಿ ಸಾಕು.

ನಿಮ್ಮ ಕಥೆ ಇರೋದು 1959ರಲ್ಲಿ. ಹದಿನೆಂಟು ವರ್ಷ ಆಡಿದ ಎಡಿನ್‌ಬರೋದ ಹಿಬರ್ನಿಯನ್ (ಹಿಬ್ಸ್) ಕ್ಲಬ್ಬು, ಪಾದದ ಕೀಲು ಹೋಗಿದೆ, ಇನ್ನು ಇವರದ್ದು ಮುಗೀತು ಅಂತ ಫ್ರೀ ಟ್ರಾನ್ಸ್‌ಫರ್, ಅಂದ್ರೆ ದುಡ್ಡು ಕೇಳದೆ ಬಿಡುಗಡೆ ಕೊಟ್ಟು ಕಳ್ಸಿಬಿಡ್ತು. ಆಗ ವಯಸ್ಸು 35. ಸ್ಮಿತ್ ಸ್ವಂತ ದುಡ್ಡಲ್ಲಿ ಆಪರೇಷನ್ ಮಾಡಿಸ್ಕೊಂಡು ಅದೇ ಊರಿನ ಎದುರಾಳಿ ಹಾರ್ಟ್ಸ್ ಕ್ಲಬ್ಬು ಸೇರಿ 1960ರಲ್ಲಿ ಸ್ಕಾಟಿಷ್ ಲೀಗ್ ಗೆದ್ರು, ಆಮೇಲೆ ಡಂಡೀಗೆ ಹೋಗಿ 1962ರಲ್ಲಿ ಇನ್ನೊಂದ್ಸಲ ಗೆದ್ರು, ಅದೇ ವರ್ಷ ಯುರೋಪಿನ ಕ್ಲಬ್ಬುಗಳ ಟೂರ್ನಿ ಯುರೋಪಿಯನ್ ಕಪ್‌ನಲ್ಲಿ ಡಂಡೀ ಟೀಮು ಜರ್ಮನಿಯ ಕಲೋನ್‌ಗೆ 8-1 ಹೊಡೀತು, 1963ರಲ್ಲಿ ಸೆಮಿಫೈನಲ್‌ವರೆಗೂ ಹೋಗಿ ಮಿಲಾನ್ ಕೈಲಿ ಸೋತ್ತು. ಇಷ್ಟನ್ನೂ ನೀವು ಎರಡೇ ಸಾಲಲ್ಲಿ ಮುಗಿಸಿದೀರ! ಹಿಬ್ಸ್‌ನ ಈಸ್ಟರ್ ರೋಡ್ ಸ್ಟೇಡಿಯಂ ವರ್ಣನೆಗೆ ಮಾತ್ರ ಒಂದು ಪ್ಯಾರಾ.

ಇನ್ನೊಂದು, ರೇಂಜರ್ಸ್ ಮತ್ತೆ ಸೆಲ್ಟಿಕ್ ಅಲ್ಲಿ ಎಂಥಾ ಬಲವಾದ ಕ್ಲಬ್ಬುಗಳು ಅನ್ನೋದು ಓದುಗರಿಗೆ ಮೊದಲೇ ಗೊತ್ತಿರ್ಬೇಕು. ಗ್ಲಾಸ್ಗೋದ ಆ ಎರಡು ಕ್ಲಬ್ಬಿಗೆ ಕಾಲಿಡದೇ ಮೂರು ಬೇರೆ ಬೇರೆ ಕ್ಲಬ್ಬಲ್ಲಿ ಲೀಗ್ ಗೆದ್ದೋರು ಇವರೊಬ್ರೇ. ಅದನ್ನ ಹೇಳದೆ ‘ಐದು ಸಲ ಚಾಂಪಿಯನ್’ ಅಂದ್ರೆ ಯಾರಿಗೂ ಏನೂ ಅನ್ಸಲ್ಲ.

ನಂಗೆ ನಿಜವಾಗ್ಲೂ ಬೇಜಾರಾಗಿದ್ದು ಇಲ್ಲಿ. ಹುಡುಗ ಆಗಿದ್ದಾಗ ಸ್ಮಿತ್ ಹಾರ್ಟ್ಸ್ ಅಭಿಮಾನಿ ಅಂತ ಒಂದು ಪುಟದಲ್ಲಿದೆ, ಡಂಡೀ ನಾರ್ತ್ ಎಂಡ್ ಅನ್ನೋ ಜೂನಿಯರ್ ಟೀಮಲ್ಲಿ ಆಡ್ತಿದ್ರು ಅಂತ ಇನ್ನೊಂದು ಪುಟದಲ್ಲಿ, 1941ರಲ್ಲಿ ಹಾರ್ಟ್ಸ್ ಕಣ್ಣಿಟ್ಟಿದ್ದ ಹುಡುಗನ್ನ ಹಿಬ್ಸ್ ಮ್ಯಾನೇಜರ್ ವಿಲ್ಲಿ ಮೆಕಾರ್ಟ್ನಿ ಹಾರಿಸ್ಕೊಂಡು ಹೋಗಿದ್ದು ಎಲ್ಲೋ ಮಧ್ಯದಲ್ಲಿ, 16ನೇ ವಯಸ್ಸಲ್ಲಿ ಮೊದಲ ಮ್ಯಾಚಲ್ಲೇ ಹಾರ್ಟ್ಸ್ ಮೇಲೆ ಅವರದೇ ಟೈನ್‌ಕಾಸಲ್ ಮೈದಾನದಲ್ಲಿ ಹ್ಯಾಟ್ರಿಕ್ ಹೊಡೆದಿದ್ದು ಕೊನೇಲಿ. ಇವೆಲ್ಲಾ ಒಂದೇ ಕಡೆ ಬಂದಿದ್ರೆ 35ನೇ ವಯಸ್ಸಲ್ಲಿ ಹಾರ್ಟ್ಸ್ ಬಾಗಿಲಿಗೆ ಹೋಗಿದ್ದಕ್ಕೆ ಬೇರೇನೇ ತೂಕ ಬರ್ತಿತ್ತು. ಮಾಹಿತಿ ನಿಮ್ಮ ಹತ್ರಾನೇ ಇದೆ ಮಾರಾಯ್ರೇ, ಜೋಡಿಸಿಲ್ಲ ಅಷ್ಟೇ.

ತಪ್ಪುಗಳೂ ಇವೆ. ಸ್ಮಿತ್ ಸ್ಟ್ರೈಕರ್ ಅಲ್ಲ, ಬಲಗಡೆ ವಿಂಗರ್, ಅಂದ್ರೆ ಮೈದಾನದ ಬಲ ಅಂಚಲ್ಲಿ ಆಡೋರು, ಆಗೆಲ್ಲಾ ಮುಂದೆ ಐದು ಜನ ಫಾರ್ವರ್ಡ್ಸ್ ಇರ್ತಿದ್ರು, ಅದಕ್ಕೇ ಸ್ಮಿತ್, ಜಾನ್‌ಸ್ಟನ್, ರೈಲಿ, ಟರ್ನ್‌ಬುಲ್, ಆರ್ಮಂಡ್ ಸೇರಿ ‘ಫೇಮಸ್ ಫೈವ್’ ಆಗಿದ್ದು, ಐದೂ ಜನ ಹಿಬ್ಸ್‌ಗೆ ಲೀಗಲ್ಲಿ ನೂರಕ್ಕಿಂತ ಜಾಸ್ತಿ ಗೋಲು ಹೊಡೆದೋರು. 1953ರಲ್ಲಿ ರೇಂಜರ್ಸ್‌ಗೆ ಲೀಗ್ ಹೋಗಿದ್ದು ಗೋಲ್ ಡಿಫರೆನ್ಸಲ್ಲಿ ಅಂತ ಬರೆದಿದೀರ, ಅಲ್ಲ, ಗೋಲ್ ಆವರೇಜಲ್ಲಿ, ಅಂದ್ರೆ ಹೊಡೆದಿದ್ದನ್ನ ಬಿಟ್ಟುಕೊಟ್ಟಿದ್ರಿಂದ ಭಾಗಿಸೋದು. ಇಬ್ರದ್ದೂ 43 ಪಾಯಿಂಟು, ರೇಂಜರ್ಸ್ 80-39, ಹಿಬ್ಸ್ 93-51. ಕಳೆದು ನೋಡಿ, ಒಂದು ಗೋಲಲ್ಲಿ ಹಿಬ್ಸೇ ಮುಂದೆ! ಇಂಥಾ ಮಜಾ ಲೆಕ್ಕಾನ ತಪ್ಪಾಗಿ ಬರೆದು ಹಾಳು ಮಾಡ್ಕೊಂಡಿದೀರಲ್ಲ. ನೀವು ಕೊಟ್ಟ ಒಟ್ಟು ಗೋಲುಗಳಲ್ಲಿ ಯುದ್ಧಕಾಲದ ಮ್ಯಾಚುಗಳು ಸೇರಿವೆಯಾ ಇಲ್ವಾ ಅಂತಾನೂ ಸ್ಪಷ್ಟ ಮಾಡಿ, ಆಗ ಮಾಮೂಲಿ ಲೀಗ್ ನಿಂತಿತ್ತು.

1955ರಲ್ಲಿ ಯುರೋಪಿಯನ್ ಕಪ್‌ಗೆ ಹೋದ ಮೊದಲ ಬ್ರಿಟಿಷ್ ಕ್ಲಬ್ ಹಿಬ್ಸ್, ಜರ್ಮನಿಯ ಎಸೆನ್‌ನಲ್ಲಿ 4-0 ಗೆಲುವು, ಆ ಭಾಗ ಚೆನ್ನಾಗಿ ಬರೆದಿದೀರ, ಮುಟ್ಬೇಡಿ.

ಅರ್ಧಕ್ಕೆ ಇಳಿಸಿ ಮತ್ತೆ ಕಳ್ಸಿ, ಓದ್ತೀನಿ. ಕೊನೇಲಿ ‘ಇಂದಿನ ಯುವಕರಿಗೆ ಸ್ಫೂರ್ತಿ’ ಅನ್ನೋ ಪ್ಯಾರಾ ಇದ್ರೆ ಮಾತ್ರ ನಾನೇ ಕತ್ತರಿಸ್ತೀನಿ, ಈಗ್ಲೇ ಹೇಳಿರ್ತೀನಿ.